ಎರಡು ಪ್ಲಗ್ ಬಿಳಿ, ಎರಡು ಕಪ್ಪು: ಅಂಬಾಸಿಡರ್ ಕಾರ್ಬೊರೇಟರ್ ಬಿಚ್ಚೋ ಮುಂಚೆ

ಈ ಸಲ ಕಬ್ಬು, ಭತ್ತ, ನೀರಿನ ಸರದಿ ಎಲ್ಲ ಬಿಟ್ಟು ಗಾಡಿ ವಿಚಾರ ಬರೀತಿದೀನಿ. ಟ್ರ್ಯಾಕ್ಟರ್ ಅಲ್ಲ, ಪೆಟ್ರೋಲ್ ಅಂಬಾಸಿಡರ್. ನಮ್ಮ ಸುತ್ತಮುತ್ತಲ ಊರುಗಳಲ್ಲಿ ಇನ್ನೂ ಓಡ್ತಿರೋವು ಬೆರಳೆಣಿಕೆಯಷ್ಟು. ಕೆಲವು ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದ್ದು ನಿಂತಿವೆ, ಮೇಲೆ ಕೋಳಿ ಮಲಗ್ತವೆ. ಹೋದ ವರ್ಷದಿಂದ ಈಚೆಗೆ ಮೂರು ಗಾಡಿ ಗುಜರಿಗೆ ಹೋದದ್ದು ನನಗೇ ಗೊತ್ತು. ಮೂರಕ್ಕೂ ಕೊಟ್ಟ ಕಾರಣ ಒಂದೇ: "ಈಗಿನ ಪೆಟ್ರೋಲು ಹಳೇ ಎಂಜಿನ್‌ಗೆ ಆಗಲ್ಲ, ಮಿಸ್ ಹೊಡೀತದೆ, ಎಷ್ಟು ಸಲ ಕಾರ್ಬೊರೇಟರ್ ಮಾಡಿಸಿದ್ರೂ ಅಷ್ಟೆ."

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಬೈಯೋರು ಇಲ್ಲಿಂದಲೇ ಶುರು ಮಾಡಬಹುದು. ಈಗಿನ ಪೆಟ್ರೋಲಿನಲ್ಲಿ ತೊಂದರೆ ಇದೆ, ಸುಳ್ಳಲ್ಲ. ಆದರೆ ಎಂಜಿನ್ ಮಿಸ್ ಹೊಡೆದಾಗ ಮೊದಲು ಕಾರ್ಬೊರೇಟರ್‌ಗೆ ಸ್ಕ್ರೂಡ್ರೈವರ್ ಹಾಕೋ ಅಭ್ಯಾಸ ಇದೆಯಲ್ಲ, ಪೆಟ್ರೋಲಿಗಿಂತ ಜಾಸ್ತಿ ಗಾಡಿ ಕೊಂದಿರೋದು ಅದು.

ಯಾಕೆ ಅಂತ ನಮ್ಮ ಗದ್ದೆ ಲೆಕ್ಕದಲ್ಲೇ ನೋಡಿ. ಒಂದು ತೂಬು, ನಾಲ್ಕು ಮಡಿ. ನಾಲ್ಕೂ ಮಡಿ ಒಣಗಿದ್ರೆ ತೂಬಿನ ಹತ್ರ ಹೋಗ್ತೀವಿ. ಮೂರರಲ್ಲಿ ನೀರು ನಿಂತು ಒಂದು ಮಾತ್ರ ಒಣಗಿದ್ರೆ? ಯಾವ ರೈತನೂ ತೂಬು ಎತ್ತಲ್ಲ. ಆ ಮಡಿಯ ಬದು ಸುತ್ತ ನಡ್ಕೊಂಡು ಹೋಗಿ ಏಡಿ ಬಿಲ ಎಲ್ಲಿದೆ ಅಂತ ಹುಡುಕ್ತಾನೆ. ತೂಬು ಎತ್ತಿದ್ರೆ ಮೂರು ಮಡಿ ಪೈರು ಕೊಳೀತದೆ, ನಾಲ್ಕನೇದು ಆಗಲೂ ಅರ್ಧ ಒಣಗೇ ಇರ್ತದೆ. ಅಂಬಾಸಿಡರ್‌ನಲ್ಲಿ ಕಾರ್ಬೊರೇಟರ್ ಒಂದೇ, ಸಿಲಿಂಡರ್ ನಾಲ್ಕು. ಗದ್ದೆಯಲ್ಲಿ ಮಾಡದೇ ಇರೋ ಕೆಲಸವನ್ನ ಗ್ಯಾರೇಜಲ್ಲಿ ದುಡ್ಡು ಕೊಟ್ಟು ಮಾಡಿಸ್ತೀವಿ.

ನಾನು ಹೇಳ್ತಿರೋದು 1489 ಸಿಸಿಯ ಹಳೇ ಪೆಟ್ರೋಲ್ ಎಂಜಿನ್. ಇದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್‌ನವರ 'ಬಿ ಸೀರೀಸ್'. ಇಂಗ್ಲೆಂಡಿನ ಎಂಜಿಎ ಸ್ಪೋರ್ಟ್ಸ್ ಕಾರಿಗೆ ಹಾಕಿದ್ದೂ ಇದೇ 1489 ಸಿಸಿ ಎಂಜಿನ್ನು, ಕಾರ್ಬೊರೇಟರ್ ಮಾತ್ರ ಅದಕ್ಕೆ ಎರಡು. (ಅದಕ್ಕೆ ಅಲ್ಲಿ ಲಕ್ಷಗಟ್ಟಲೆ ಕೊಟ್ಟು ಸಾಕ್ತಾರೆ, ನಾವು ಕೆಜಿ ಲೆಕ್ಕದಲ್ಲಿ ತೂಗ್ತೀವಿ.) ಹಳೇ ಗಾಡಿಗಳಲ್ಲಿ ಎಸ್‌ಯು ಕಾರ್ಬೊರೇಟರ್ ಇರ್ತದೆ, ಎಷ್ಟೋ ಗಾಡಿಗೆ ಆಮೇಲೆ ಸೋಲೆಕ್ಸ್ ಕೂರಿಸಿದ್ದಾರೆ. ಯಾವುದಿದ್ರೂ ಹುಡುಕೋ ದಾರಿ ಒಂದೇ.

ಈ ಎಂಜಿನ್‌ನ ಒಂದು ವಿಷಯ ತಲೇಲಿ ಇಟ್ಕೊಳ್ಳಿ, ಮುಂದೆ ಬೇಕಾಗ್ತದೆ. ಹೆಡ್‌ನಲ್ಲಿ ಮಿಶ್ರಣ ಒಳಗೆ ಹೋಗೋಕೆ ನಾಲ್ಕು ಬಾಗಿಲು ಇಲ್ಲ, ಎರಡೇ. ರೇಡಿಯೇಟರ್ ಕಡೆಯಿಂದ ಎಣಿಸಿದ್ರೆ 1 ಮತ್ತು 2ಕ್ಕೆ ಸೇರಿ ಒಂದು ಬಾಗಿಲು, 3 ಮತ್ತು 4ಕ್ಕೆ ಸೇರಿ ಒಂದು. ಅಣ್ಣತಮ್ಮ ಒಂದೇ ಹೊಸ್ತಿಲು ದಾಟಿದ ಹಾಗೆ. ಅದಕ್ಕೇ ನಾಲ್ಕೂ ಸಿಲಿಂಡರ್‌ಗೆ ತಕ್ಕಡಿಯಲ್ಲಿ ತೂಗಿದ ಹಾಗೆ ಸಮ ಮಿಶ್ರಣ ಈ ಎಂಜಿನ್‌ನಲ್ಲಿ ಹುಟ್ಟಿನಿಂದಲೇ ಇಲ್ಲ. ಸ್ವಲ್ಪ ಹೆಚ್ಚುಕಮ್ಮಿ ಇರ್ತದೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಎದ್ದು ಕಾಣೋ ವ್ಯತ್ಯಾಸ ಇದ್ರೆ ಮಾತ್ರ ಅದು ರೋಗ.

ಎದ್ದು ಕಾಣೋದು ಎಲ್ಲಿ? ಪ್ಲಗ್‌ನಲ್ಲಿ. ಪ್ಲಗ್ ಓದೋದಕ್ಕೂ ಕ್ರಮ ಇದೆ. ಮನೆ ಮುಂದೆ ಹತ್ತು ನಿಮಿಷ ಐಡ್ಲಿಂಗ್ ಬಿಟ್ಟು, ಬಿಚ್ಚಿ, "ಕಪ್ಪಗಿದೆ, ರಿಚ್ ಆಗಿದೆ" ಅಂದ್ರೆ ಅದು ಓದಿದ್ದಲ್ಲ. ಐಡ್ಲಿಂಗ್‌ನಲ್ಲಿ ಎಲ್ಲ ಪ್ಲಗ್ಗೂ ಮಸಿ ಹಿಡೀತದೆ. ಎಂಜಿನ್ ಪೂರ್ತಿ ಕಾದ ಮೇಲೆ ಖಾಲಿ ರಸ್ತೆಯಲ್ಲಿ ಟಾಪ್ ಗೇರ್‌ನಲ್ಲಿ ಎರಡು ಮೂರು ಕಿಲೋಮೀಟರ್ ಎಳೆಸಿ. ಹಿಂದೆ ಮುಂದೆ ನೋಡ್ಕೊಂಡು, ಕ್ಲಚ್ ಒತ್ತಿ ಇಗ್ನಿಷನ್ ಆಫ್ ಮಾಡಿ, ಹಾಗೇ ಪಕ್ಕಕ್ಕೆ ತೇಲಿಸಿ ನಿಲ್ಲಿಸಿ. ಕೀ ಮಾತ್ರ ಹೊರಗೆ ಎಳೀಬೇಡಿ. ಸ್ವಲ್ಪ ಆರಿದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಬಾನೆಟ್ ಅಂಚಿನ ಮೇಲೆ ಸಾಲಾಗಿ ಇಡಿ. ಕ್ರಮ ತಪ್ಪಿದ್ರೆ ಅರ್ಧ ಮಾಹಿತಿ ಹೋಯ್ತು.

ಹಳೇ ಪುಸ್ತಕದಲ್ಲಿ ಪ್ಲಗ್ ತುದಿ ಕಾಫಿ ಬಣ್ಣ ಇರಬೇಕು ಅಂತ ಬರೆದಿರ್ತಾರೆ. ಅದು ಸೀಸದ ಪೆಟ್ರೋಲ್ ಕಾಲದ ಮಾತು. ದೇಶದಲ್ಲಿ ಸೀಸ ಹಾಕಿದ ಪೆಟ್ರೋಲು 2000ನೇ ಇಸವಿಗೇ ನಿಂತುಹೋಯ್ತು. ಈಗಿನ ಪೆಟ್ರೋಲಿಗೆ, ಅದರಲ್ಲೂ ಎಥನಾಲ್ ಸೇರಿದ್ದಕ್ಕೆ, ಸರಿಯಾಗಿ ಓಡೋ ಎಂಜಿನ್ನಲ್ಲೂ ಪ್ಲಗ್ ಬೆಳ್ಳಗೇ ಕಾಣ್ತದೆ. ಹಾಗಾಗಿ ಬಣ್ಣವನ್ನ ಪುಸ್ತಕದ ಜೊತೆ ಹೋಲಿಸಬೇಡಿ, ಪಕ್ಕದ ಪ್ಲಗ್ ಜೊತೆ ಹೋಲಿಸಿ.

ನಾಲ್ಕೂ ಒಂದೇ ಥರ ಕಪ್ಪು, ಇಲ್ಲಾ ನಾಲ್ಕೂ ಒಂದೇ ಥರ ಸುಣ್ಣದ ಹಾಗೆ ಬಿಳಿ ಇದ್ರೆ ತೂಬಿನ ಸಮಸ್ಯೆ. ಅಂದ್ರೆ ಕಾರ್ಬೊರೇಟರ್, ಫ್ಲೋಟ್, ಪೆಟ್ರೋಲ್ ಪಂಪು, ಏರ್ ಫಿಲ್ಟರ್, ಸಿಕ್ಕಿಹಾಕ್ಕೊಂಡ ಚೋಕು. ಇವುಗಳ ಮೇಲೆ ಅನುಮಾನ ಪಡಿ.

ಒಂದೇ ಒಂದು ಪ್ಲಗ್ ಬೇರೆ ಥರ ಇದ್ರೆ ಕಾರ್ಬೊರೇಟರ್ ಮುಟ್ಟಲೇಬೇಡಿ. ಒಂದೇ ಕಪ್ಪಗಿದ್ರೆ ಮಿಶ್ರಣದ ತಪ್ಪೇ ಅಲ್ಲದೆ ಇರಬಹುದು. ಕಿಡಿ ಸರಿಯಾಗಿ ಬೀಳದೆ ಇದ್ರೂ ಪೆಟ್ರೋಲು ಉರಿಯದೆ ಮಸಿ ಕೂರ್ತದೆ. ಒಣ ಮಸಿಯಾ, ಎಣ್ಣೆ ಜಿಡ್ಡಾ ನೋಡಿ. ಜಿಡ್ಡಿದ್ರೆ ರಿಂಗು ಇಲ್ಲಾ ವಾಲ್ವ್ ಗೈಡ್ ಕಡೆಯಿಂದ ಆಯಿಲ್ ಬರ್ತಿದೆ. ಒಣ ಮಸಿಯಾದ್ರೆ ಆ ಪ್ಲಗ್ಗನ್ನ ಪಕ್ಕದ ಸಿಲಿಂಡರ್‌ದರ ಜೊತೆ ಅದಲುಬದಲು ಮಾಡಿ ಇನ್ನೊಂದು ಸಲ ಓಡಿಸಿ. ಮಸಿ ಪ್ಲಗ್ ಜೊತೆ ಹೋದ್ರೆ ಪ್ಲಗ್ ಕೆಟ್ಟಿದೆ, ಅದೇ ಸಿಲಿಂಡರಲ್ಲೇ ಉಳಿದ್ರೆ ವೈರು, ಡಿಸ್ಟ್ರಿಬ್ಯೂಟರ್ ಕ್ಯಾಪ್, ವಾಲ್ವ್ ನೋಡಬೇಕು. ಈ ಪರೀಕ್ಷೆಗೆ ಖರ್ಚು ಸೊನ್ನೆ. ಮಾಡೋರು ಯಾರೂ ಇಲ್ಲ.

1-2 ಒಂದು ಬಣ್ಣ, 3-4 ಇನ್ನೊಂದು ಬಣ್ಣ ಇದ್ರೆ? ಆ ಎರಡು ಬಾಗಿಲಿನ ಮಾತು ನೆನಪಿಸ್ಕೊಳ್ಳಿ.

ನಮ್ಮ ಪಕ್ಕದೂರಿನ ಒಬ್ಬರು ಹಿರಿಯರ ಗಾಡಿ ಹೀಗೇ ಇತ್ತು. ಐಡ್ಲಿಂಗಲ್ಲಿ ನಡುಕ, ಸೈಲೆನ್ಸರ್‌ನಿಂದ ಬಿಟ್ಟುಬಿಟ್ಟು ಬರೋ ಸದ್ದು, ಅರವತ್ತರ ಮೇಲೆ ಹೋದ್ರೆ ಮಾತ್ರ ತಕ್ಕಮಟ್ಟಿಗೆ ನಯ. ಪಟ್ಟಣದ ಒಂದು ಗ್ಯಾರೇಜಲ್ಲಿ ಮೂರು ಸಲ ಕಾರ್ಬೊರೇಟರ್ ಬಿಚ್ಚಿದ್ದರು, ಕಿಟ್ ಹಾಕಿದ್ದರು. ಕೊನೆಗೆ "ಎಥನಾಲ್ ಪೆಟ್ರೋಲು ಸಾರ್, ರಿಚ್ ಇಟ್ಕೊಂಡೇ ಓಡಿಸಬೇಕು" ಅಂತ ಮಿಶ್ರಣ ಏರಿಸಿ ಕಳಿಸಿದ್ದರು. ಪೆಟ್ರೋಲು ಕುಡಿಯೋದು ಜಾಸ್ತಿ ಆಯ್ತು, ನಡುಕ ಹೋಗಲಿಲ್ಲ. ಡಿಪ್‌ಸ್ಟಿಕ್ ಎಳೆದು ಮೂಸಿದ್ರೆ ಎಂಜಿನ್ ಆಯಿಲ್ ಪೆಟ್ರೋಲ್ ವಾಸನೆ. ಗುಜರಿಯವನು ಬಂದು ಬೆಲೆ ಕಟ್ಟಿ ಹೋಗಿದ್ದ.

ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟಾಗ 1 ಮತ್ತು 2 ಇದ್ದಿಲಿನಷ್ಟು ಕಪ್ಪು, 3 ಮತ್ತು 4 ಬಿಳಿ. ಇಷ್ಟು ನೋಡಿದ ಮೇಲೆ ಕಾರ್ಬೊರೇಟರ್ ಕಡೆ ತಿರುಗಿ ನೋಡೋ ಅಗತ್ಯವೇ ಇಲ್ಲ. ಒಂದೇ ಕಾರ್ಬೊರೇಟರ್ ಮುಂದಿನ ಜೋಡಿಗೆ ಜಾಸ್ತಿ, ಹಿಂದಿನ ಜೋಡಿಗೆ ಕಮ್ಮಿ ಅಂತ ಪಂಕ್ತಿಭೇದ ಮಾಡಲ್ಲ. ಹಿಂದಿನ ಬಾಗಿಲಿನ ಹತ್ರ ಎಲ್ಲೋ ಕಳ್ಳಗಾಳಿ ನುಗ್ತಿದೆ.

ಇದಕ್ಕೆ ಇನ್ನೊಂದು ಸಾಕ್ಷಿ ಆ ಗಾಡಿಯ ನಡತೆಯಲ್ಲೇ ಇತ್ತು. ಐಡ್ಲಿಂಗಲ್ಲಿ ಕೆಟ್ಟದು, ವೇಗದಲ್ಲಿ ಪರವಾಗಿಲ್ಲ ಅಂದ್ರೆ ಗಾಳಿ ಸೋರಿಕೆ. ಐಡ್ಲಿಂಗಲ್ಲಿ ಎಂಜಿನ್ ಎಳೆಯೋ ಗಾಳಿಯೇ ಕಮ್ಮಿ, ಒಳಗಿನ ಸೆಳೆತ ಜಾಸ್ತಿ. ಸಣ್ಣ ಸಂದಿಯಿಂದ ಬರೋ ಕಳ್ಳಗಾಳಿಯೂ ಅಲ್ಲಿ ದೊಡ್ಡ ಪಾಲು. ಆಕ್ಸಿಲರೇಟರ್ ಒತ್ತಿದಾಗ ಹೊಳೆಯಷ್ಟು ಗಾಳಿ ಹೋಗ್ತದೆ, ಈ ಸೋರಿಕೆ ಲೆಕ್ಕಕ್ಕೇ ಬರಲ್ಲ. ಇದಕ್ಕೆ ತಿರುಗುಮುರುಗು ಇದ್ರೆ, ಅಂದ್ರೆ ಐಡ್ಲಿಂಗ್ ಚೆನ್ನಾಗಿದ್ದು ದಿಬ್ಬ ಹತ್ತುವಾಗ ಮುಗ್ಗರಿಸಿದ್ರೆ, ಪೆಟ್ರೋಲು ಸಾಲ್ತಿಲ್ಲ: ಫಿಲ್ಟರ್, ಪಂಪ್ ಡಯಾಫ್ರಂ, ಫ್ಲೋಟ್ ಲೆವೆಲ್.

ಸೋರಿಕೆ ಹುಡುಕೋಕೆ ಕೆಲವರು ಪೆಟ್ರೋಲ್ ಚಿಮುಕಿಸ್ತಾರೆ, ಇಲ್ಲಾ ಕ್ಲೀನರ್ ಸ್ಪ್ರೇ ಹೊಡೀತಾರೆ. ಈ ಎಂಜಿನ್‌ನಲ್ಲಿ ದಯವಿಟ್ಟು ಬೇಡ. ಇನ್‌ಲೆಟ್ಟೂ ಎಕ್ಸಾಸ್ಟೂ ಒಂದೇ ಪಕ್ಕದಲ್ಲಿ ಒತ್ತೊತ್ತಾಗಿ ಇವೆ, ಕಾದ ಎಕ್ಸಾಸ್ಟ್ ಮೇಲೆ ಬಿದ್ರೆ ಧಗ್ ಅಂತದೆ. ಹೂಗಿಡಕ್ಕೆ ನೀರು ಹೊಡೆಯೋ ಕೈ ಸ್ಪ್ರೇ ಬಾಟಲಿ ಸಾಕು, ಬರೀ ನೀರು. ಬೆಳಗ್ಗೆ ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿ, ಎಕ್ಸಾಸ್ಟ್ ಕಾಯೋದಕ್ಕೆ ಮುಂಚೆ ಹೊಡೀರಿ. ಕಾದ ಬೀಡಿನ ಮೇಲೆ ತಣ್ಣೀರು ಬಿದ್ರೆ ಅದು ಸೀಳಿಬಿಡಬಹುದು. ಪ್ಲಗ್ಗು, ಡಿಸ್ಟ್ರಿಬ್ಯೂಟರ್ ಎಲ್ಲ ಆಚೆ ಪಕ್ಕದಲ್ಲಿ ಇರೋದರಿಂದ ಅವು ನೆನೆಯೋ ಭಯ ಇಲ್ಲ. ಮ್ಯಾನಿಫೋಲ್ಡ್ ಹೆಡ್‌ಗೆ ಕೂಡೋ ಜಾಗ, ಕಾರ್ಬೊರೇಟರ್ ಬುಡ, ಥ್ರಾಟಲ್ ಕಡ್ಡಿಯ ಎರಡೂ ತುದಿ, ಡಿಸ್ಟ್ರಿಬ್ಯೂಟರ್‌ಗೆ ಹೋಗೋ ವ್ಯಾಕ್ಯೂಮ್ ಪೈಪು, ಒಂದೊಂದೇ ಜಾಗಕ್ಕೆ ಹೊಡೆದು ಕಿವಿಗೊಡಿ. ಸೋರೋ ಜಾಗಕ್ಕೆ ನೀರು ಬಿದ್ದ ಕ್ಷಣ ಸದ್ದು ಬದಲಾಗ್ತದೆ. ನೀರು ಒಂದು ಗಳಿಗೆ ಆ ಸಂದಿ ಮುಚ್ಚಿಬಿಡ್ತದೆ ನೋಡಿ, ಅದಕ್ಕೆ.

ಆ ಹಿರಿಯರ ಗಾಡಿಯಲ್ಲಿ ಹಿಂದಿನ ಬಾಗಿಲಿನ ಪ್ಯಾಕಿಂಗ್ ಹತ್ರ ಹೊಡೆದಾಗ ಸದ್ದು ಸಟ್ಟಂತ ಬದಲಾಯ್ತು. ಬಿಚ್ಚಿ ನೋಡಿದಾಗ ಪ್ಯಾಕಿಂಗ್ ಹೊಸದೇ. ಹಾಗಾದ್ರೆ ಯಾಕೆ? ಈ ಎಂಜಿನ್‌ನಲ್ಲಿ ಇನ್‌ಲೆಟ್, ಎಕ್ಸಾಸ್ಟ್ ಎರಡೂ ಮ್ಯಾನಿಫೋಲ್ಡ್‌ನ ಅಂಚನ್ನು ಕೆಲವು ಕಡೆ ಒಂದೇ ಬೋಲ್ಟು, ಒಂದೇ ದಪ್ಪ ವಾಷರ್ ಒತ್ತಿ ಹಿಡಿದಿರ್ತದೆ. ವಾಷರಿನ ಅರ್ಧ ಇದರ ಮೇಲೆ, ಅರ್ಧ ಅದರ ಮೇಲೆ. ಎರಡರ ದಪ್ಪವೂ ಸಮ ಇದ್ರೆ ಸರಿ. ಯಾವಾಗಲೋ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೀಳಿ, ಗುಜರಿಯಿಂದ ಇನ್ನೊಂದು ತಂದು ಹಾಕಿದ್ದರಂತೆ. ಅದರ ಅಂಚು ಕೂದಲೆಳೆಯಷ್ಟು ದಪ್ಪ. ನಟ್ಟು ಎಷ್ಟು ಬಿಗಿದ್ರೂ ವಾಷರ್ ಎಕ್ಸಾಸ್ಟನ್ನ ಮಾತ್ರ ಒತ್ತುತ್ತೆ, ಇನ್‌ಲೆಟ್ ಸಡಿಲವಾಗೇ ಕೂತಿರ್ತದೆ. ನಮ್ಮ ಕಡೆ ಲೇತ್ ಅಂಗಡಿಯಲ್ಲಿ ವಾಷರಿನ ಒಂದು ಅರ್ಧ ಕೆರೆಸಿ ಮೆಟ್ಟಿಲು ಮಾಡಿಸಿ, ಪ್ಯಾಕಿಂಗ್ ಹೊಸದು ಹಾಕಿ, ಏರಿಸಿದ್ದ ಮಿಶ್ರಣ ಇಳಿಸಿದ್ದಕ್ಕೆ ಎಲ್ಲ ಸೇರಿ ಸಾವಿರ ರೂಪಾಯಿ ದಾಟಲಿಲ್ಲ. ಪೆಟ್ರೋಲ್ ಬೆರೆತ ಆಯಿಲ್ ಬದಲಾಯಿಸೋಕೇ ಅದಕ್ಕಿಂತ ಜಾಸ್ತಿ ಆಯ್ತು.

ಇಲ್ಲಿ ಹೊಗೆ ತಪಾಸಣೆ ಚೀಟಿ ಬಗ್ಗೆ ಒಂದು ಮಾತು. "ಎಮಿಷನ್ ಪಾಸ್ ಆಗಿದೆ, ಹಾಗಾಗಿ ಮಿಶ್ರಣ ಸರಿ ಇದೆ" ಅಂತ ವಾದ ಮಾಡೋರು ಇದ್ದಾರೆ. ಸೈಲೆನ್ಸರ್ ತುದಿಗೆ ಬರೋದು ನಾಲ್ಕೂ ಸಿಲಿಂಡರಿನ ಹೊಗೆ ಕಲಸಿದ್ದು. ಎರಡು ರಿಚ್, ಎರಡು ಲೀನ್ ಸೇರಿ ಸರಾಸರಿ ಚೆನ್ನಾಗೇ ಕಾಣಬಹುದು. ಒಬ್ಬನಿಗೆ ಎರಡು ಊಟ, ಇನ್ನೊಬ್ಬನಿಗೆ ಉಪವಾಸ, ಲೆಕ್ಕದಲ್ಲಿ ತಲೆಗೊಂದು ಊಟ.

ಸೋರಿಕೆ ಸಿಗದೇ ಇದ್ರೆ ಟ್ಯಾಪೆಟ್ ನೋಡಿ. ಇನ್‌ಲೆಟ್ ವಾಲ್ವ್ ಬಿಗಿಯಾಗಿ ಪೂರ್ತಿ ಮುಚ್ಚದೆ ಇದ್ರೆ ಆ ಸಿಲಿಂಡರ್ ತನ್ನ ಮಿಶ್ರಣ ವಾಪಸ್ ಉಗುಳ್ತದೆ, ಪಕ್ಕದವನ ಪಾಲೂ ಕೆಡಿಸ್ತದೆ. ಈ ಎಂಜಿನ್‌ನಲ್ಲಿ ಟ್ಯಾಪೆಟ್‌ಗೆ ಒಂಬತ್ತರ ಲೆಕ್ಕ ಅಂತ ಇದೆ: ಎಂಟು ವಾಲ್ವ್, ಮುಂದಿನಿಂದ ಎಣಿಸಿ. 8ನೇದು ಪೂರ್ತಿ ತೆರೆದಾಗ 1ನೇದರ ಗ್ಯಾಪ್ ಇಡಿ, 6 ತೆರೆದಾಗ 3, ಹೀಗೆ ಎರಡೂ ಕೂಡಿದ್ರೆ 9 ಬರಬೇಕು. ಆಮೇಲೆ ಕಂಪ್ರೆಷನ್. ಒಂದು ಸಿಲಿಂಡರಲ್ಲಿ ಕಮ್ಮಿ ಬಂದ್ರೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದ್ರೆ ರಿಂಗು, ಏರದಿದ್ರೆ ವಾಲ್ವು. ಅಕ್ಕಪಕ್ಕದ ಎರಡರಲ್ಲೂ ಕಮ್ಮಿ ಇದ್ರೆ ಅವೆರಡರ ನಡುವೆ ಹೆಡ್ ಪ್ಯಾಕಿಂಗ್ ಹೋಗಿರೋ ಅನುಮಾನ. ಇದು ಹೆಚ್ಚು ಬರೆಯೋ ವಿಷಯ ಅಲ್ಲ, ಎಲ್ಲ ಮೇಸ್ತ್ರಿಗಳಿಗೂ ಗೊತ್ತು.

ಇಷ್ಟೆಲ್ಲ ಆದ ಮೇಲೆ, ನೆನಪಿಡಿ, ಆದ ಮೇಲೆ ಕಾರ್ಬೊರೇಟರ್. ಎಸ್‌ಯು ಇದ್ರೆ ಮೊದಲು ಮೇಲಿನ ಕಪ್ಪು ಮೂತಿ ಬಿಚ್ಚಿ ಒಳಗೆ ಎಣ್ಣೆ ಇದೆಯಾ ನೋಡಿ. ಎಣ್ಣೆ ಇಲ್ಲದಿದ್ರೆ ಆಕ್ಸಿಲರೇಟರ್ ಒತ್ತಿದ ತಕ್ಷಣ ಒಳಗಿನ ಪಿಸ್ಟನ್ ಎಗರಿಬಿಡ್ತದೆ, ಗಾಳಿ ಜಾಸ್ತಿ ನುಗ್ಗಿ ಗಾಡಿ ಒಂದು ಕ್ಷಣ ಉಸಿರು ಕಟ್ಟಿದ ಹಾಗೆ ಆಗ್ತದೆ. ಅದಾದ ಮೇಲೆ ಎಂಜಿನ್ ಕಾದಿರುವಾಗ ಐಡ್ಲಿಂಗಲ್ಲಿ ಆ ಪಿಸ್ಟನ್ನನ್ನ ಪಕ್ಕದ ಸಣ್ಣ ಪಿನ್‌ನಿಂದ ಒಂದು ಮಿಲಿಮೀಟರಿನಷ್ಟು ಮಾತ್ರ ಎತ್ತಿ. ಎಂಜಿನ್ ಓಟ ಏರಿ ಏರಿದ ಹಾಗೇ ನಿಂತ್ರೆ ರಿಚ್. ತಕ್ಷಣ ಬಿದ್ದು ಆಫ್ ಆದ್ರೆ ಲೀನ್. ಒಂಚೂರು ಏರಿ ಮತ್ತೆ ಮೊದಲಿನ ಹಾಗೆ ಆದ್ರೆ ಸರಿ. ಕೆಳಗಿನ ಜೆಟ್ ನಟ್ಟನ್ನ ಮೇಲಕ್ಕೆ ತಿರುಗಿಸಿದ್ರೆ ಲೀನ್, ಕೆಳಕ್ಕೆ ರಿಚ್, ಒಂದು ಸಲಕ್ಕೆ ನಟ್ಟಿನ ಒಂದು ಮುಖ ಮಾತ್ರ. ಎಷ್ಟು ಸುಲಭದ ಪರೀಕ್ಷೆ ಅಂದ್ರೆ ಎಲ್ಲರೂ ಇದನ್ನೇ ಮೊದಲು ಮಾಡ್ತಾರೆ, ಅಲ್ಲೇ ಕೆಡೋದು. ಈ ಪಿನ್ನು ಹೇಳೋದೂ ಸರಾಸರಿಯನ್ನೇ.

ಈಗ ಎಥನಾಲ್. ನಾವು ಕಬ್ಬು ಬೆಳೆಯೋರು ಇದರ ಬಗ್ಗೆ ಬಾಯಿ ಬಿಡೋಕೆ ಸಂಕೋಚ ಪಡ್ತೀವಿ. ನಮ್ಮ ಕಬ್ಬೇ, ಅದರ ಕಾಕಂಬಿಯೇ, ಈಚೆಗೆ ಮೆಕ್ಕೆಜೋಳವೂ ಸೇರಿ ಬಂಕಿನಲ್ಲಿ ವಾಪಸ್ ನಮ್ಮ ಗಾಡಿಗೆ ಬರ್ತಿರೋದು. 20 ಪಾಲು ಎಥನಾಲಿನ ಪೆಟ್ರೋಲನ್ನ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದ್ದು, 2025ರ ಹೊತ್ತಿಗೆ ಎಲ್ಲ ಕಡೆ ಅದೇ ಆಯ್ತು. ಕಬ್ಬಿಗೆ ಕೊಳ್ಳೋರು ಇದ್ರೆ ನನಗೂ ಸಂತೋಷವೇ. ಆದರೆ ಎಂಜಿನ್ ಲೆಕ್ಕ ಬೇರೆ. ಬರೀ ಪೆಟ್ರೋಲು ಒಂದು ಕೆಜಿ ಉರಿಯೋಕೆ ಸುಮಾರು 14.7 ಕೆಜಿ ಗಾಳಿ ಬೇಕು, ಬರೀ ಎಥನಾಲಿಗೆ 9 ಸಾಕು, 20 ಪಾಲಿನ ಮಿಶ್ರಣಕ್ಕೆ 13.5ರ ಹತ್ತಿರ. ಹೊಸ ಗಾಡಿಯಲ್ಲಿ ಸೆನ್ಸರ್ ಇದೆ, ತಾನೇ ಸರಿಮಾಡ್ಕೊಳ್ತದೆ. ಕಾರ್ಬೊರೇಟರ್‌ಗೆ ಕಣ್ಣಿಲ್ಲ, ಹಳೇ ಅಳತೆಯಲ್ಲೇ ಅಳೆದು ಕೊಡ್ತದೆ. ಅಂದ್ರೆ ಹಳೇ ಸೆಟ್ಟಿಂಗಲ್ಲಿರೋ ಗಾಡಿ ನೂರಕ್ಕೆ ಸುಮಾರು ಎಂಟರಷ್ಟು ಲೀನ್ ಓಡ್ತದೆ.

ಗಮನಿಸಿ, ಈ ಎಂಟು ನಾಲ್ಕೂ ಸಿಲಿಂಡರ್‌ಗೆ ಒಂದೇ ಥರ. ಎರಡು ಬಿಳಿ ಎರಡು ಕಪ್ಪು ಮಾಡೋ ಶಕ್ತಿ ಎಥನಾಲಿಗಿಲ್ಲ. ಅದು ಮಾಡೋದು ಇಷ್ಟೆ: ಮೊದಲೇ ಕಳ್ಳಗಾಳಿ ಕುಡಿದು ಹೇಗೋ ಬೆಂಕಿ ಹತ್ತುತ್ತಿದ್ದ ಸಿಲಿಂಡರನ್ನ ಅಂಚಿನಿಂದ ಆಚೆ ತಳ್ಳಿಬಿಡ್ತದೆ. ವರ್ಷಗಟ್ಟಲೆ ಇದ್ದ ಏಡಿ ಬಿಲ ನೀರು ಕಮ್ಮಿಯಾದ ವರ್ಷ ಕಾಣಿಸಿದ ಹಾಗೆ. ಅದಕ್ಕೇ "ಪೆಟ್ರೋಲ್ ಬದಲಾದ ಮೇಲೇ ಶುರುವಾಯ್ತು" ಅನ್ನೋದೂ ನಿಜ, "ಪೆಟ್ರೋಲೇ ಕಾರಣ" ಅನ್ನೋದು ತಪ್ಪು. ಸೋರಿಕೆ ಮುಚ್ಚಿದ ಮೇಲೆ ಜೆಟ್ಟನ್ನ ಸ್ವಲ್ಪ ರಿಚ್ ಕಡೆ ತಂದ್ರೆ ಎಥನಾಲಿನ ಲೆಕ್ಕ ಸರಿಹೋಗ್ತದೆ. ಸೋರಿಕೆ ಇಟ್ಕೊಂಡು ರಿಚ್ ಮಾಡಿದ್ರೆ ಆಗೋದು ಮೇಲೆ ಹೇಳಿದ ಕಥೆ: ಎರಡು ಸಿಲಿಂಡರಿನ ಗೋಡೆ ಮೇಲಿನ ಎಣ್ಣೆ ಪೆಟ್ರೋಲಿನಲ್ಲಿ ತೊಳೆದು ರಿಂಗು ಸವೀತದೆ, ಇನ್ನೆರಡು ಲೀನ್ ಆಗೇ ಉಳಿದು ಎಕ್ಸಾಸ್ಟ್ ವಾಲ್ವ್ ಸುಡ್ತದೆ.

ಎಥನಾಲಿನ ನಿಜವಾದ ಕಾಟ ರಬ್ಬರ್ ಮೇಲೆ. ಹಳೇ ಪೈಪು, ಪಂಪಿನ ಡಯಾಫ್ರಂ ಉಬ್ಬಿ ಮೆತ್ತಗಾಗಿ ಕಿತ್ತು ಬರ್ತವೆ, ಆ ಚೂರು ಹೋಗಿ ಫ್ಲೋಟಿನ ಸೂಜಿ ಕೆಳಗೆ ಕೂರ್ತದೆ. ಎಥನಾಲಿಗೆ ತಾಳೋ ಪೈಪ್ ಕೇಳಿ ತಗೊಳ್ಳಿ. ಇನ್ನು ಅದು ನೀರು ಹೀರ್ತದೆ. ತಿಂಗಳುಗಟ್ಟಲೆ ನಿಲ್ಲಿಸೋ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು-ಎಥನಾಲ್ ಬೇರೆ ಆಗಿ ಕೂತ್ರೆ ಮೊದಲು ಎಂಜಿನ್‌ಗೆ ಹೋಗೋದು ಅದೇ. ಕಳೆ ಕೊಚ್ಚೋ ಮಿಷನ್ನು, ಪವರ್ ಸ್ಪ್ರೇಯರ್‌ಗೂ ಇದೇ ಮಾತು, ಸೀಸನ್ ಮುಗಿದ ಮೇಲೆ ಪೆಟ್ರೋಲ್ ಖಾಲಿ ಮಾಡಿ ಇಡಿ. ಟೂ ಸ್ಟ್ರೋಕ್ ಮಿಷನ್ನು ಲೀನ್ ಓಡಿದ್ರೆ ಅಂಬಾಸಿಡರ್‌ನಷ್ಟು ತಾಳಲ್ಲ, ಪೆಟ್ರೋಲ್ ಜೊತೆಗೇ ಅದರ ಎಣ್ಣೆಯೂ ಕಮ್ಮಿಯಾಗಿ ಪಿಸ್ಟನ್ ಹಿಡ್ಕೊಂಡು ಬಿಡ್ತದೆ.

ಸರ್ಕಾರಕ್ಕೆ ನನ್ನ ತಕರಾರು ಒಂದೇ. ಬ್ರಿಟನ್‌ನಲ್ಲಿ 2021ರಲ್ಲಿ 10 ಪಾಲಿನ ಎಥನಾಲ್ ತಂದಾಗ ಹಳೇ ಗಾಡಿಗಳಿಗೆ ಅಂತ 5 ಪಾಲಿನ ಪೆಟ್ರೋಲನ್ನೂ ಬಂಕಿನಲ್ಲಿ ಉಳಿಸಿದರು, ಬೆಲೆ ಜಾಸ್ತಿ ಇಟ್ಟು. ನಮಗೂ ತಾಲ್ಲೂಕಿಗೆ ಒಂದು ಬಂಕಿನಲ್ಲಾದ್ರೂ ಅಂಥ ಇನ್ನೊಂದು ನಳ ಇದ್ರೆ ಕಬ್ಬಿನ ರೇಟಿಗೆ ಏನೂ ಧಕ್ಕೆ ಆಗಲ್ಲ. ಇದನ್ನ ಕೇಳಿದ್ರೆ ರೈತ ವಿರೋಧಿ ಅಂತಾರೆ. ಕಬ್ಬು ಬೆಳೆಯೋದೂ ನಾವೇ, ಹಳೇ ಗಾಡಿ ಓಡಿಸೋದೂ ನಾವೇ.

ಗುಜರಿಗೆ ಕೊಡೋ ಯೋಚನೆ ಇರೋರು ಕೊಡೋ ಮುಂಚೆ ನಾಲ್ಕು ಪ್ಲಗ್ ಬಿಚ್ಚಿ ಕ್ರಮವಾಗಿ ಇಟ್ಟು ಬಿಸಿಲಲ್ಲಿ ಒಂದು ಫೋಟೋ ತೆಗೆದು ಕಳಿಸಿ, ನೋಡಿ ಹೇಳ್ತೀನಿ. ಕಂಪ್ರೆಷನ್ ಗೇಜ್ ನನ್ನ ಹತ್ರ ಒಂದಿದೆ, ಬೇಕಾದೋರು ಬಂದು ತಗೊಂಡು ಹೋಗಿ. ಹೋದ ಸಲ ತಗೊಂಡೋರು ಇನ್ನೂ ಫೀಲರ್ ಗೇಜ್ ವಾಪಸ್ ಕೊಟ್ಟಿಲ್ಲ, ಅವರೂ ಇದನ್ನ ಓದ್ತಿರ್ತಾರೆ ಅಂದ್ಕೊಂಡಿದೀನಿ.